ಜಟಾಯುವಿನ ಬೆಟ್ಟದಲ್ಲಿ ದೊಣೆಯ ನೀರು

ಯುಗಾದಿ ಹತ್ತಿರವಾಗಿದ್ದ ದಿನಗಳು. ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಬುಡಕ್ಕೆ ಬಂದಾಗ ಆಗಷ್ಟೇ ಬೆಳಕು ಹರಿದಿತ್ತು. ಶೇಂಗಾ ಕಿತ್ತ ಹೊಲಗಳು ಬೋಳಾಗಿ ಮಲಗಿದ್ದವು. ರಾಜ್ಯದಲ್ಲಿ ಬಹಳ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿ ಬೇಸಿಗೆ ಕಾಲಿಡುವಾಗ ಪ್ರಾಣಿಪಕ್ಷಿಗಳನ್ನು ನೋಡಬೇಕೆಂದರೆ ನೀರಿನ ಜಾಡು ಹಿಡಿಯಬೇಕು. ಹಾಗೆಂದುಕೊಂಡೇ ಹತ್ತತೊಡಗಿದೆ.

ಮೊದಲು ಸಿಕ್ಕಿದ್ದು ಸದ್ದು. ಗುಂಡುಗಳ ಹಿಂದೆ ಎಲ್ಲೋ ನವಿಲು ಕೂಗಿತು, ಇನ್ನೊಂದು ಉತ್ತರ ಕೊಟ್ಟಿತು. ಎರಡೂ ಕಣ್ಣಿಗೆ ಬೀಳಲಿಲ್ಲ. ಸೀತಾಫಲದ ಗಿಡಗಳು ಎಲೆ ಉದುರಿಸಿ ನಿಂತಿದ್ದವು. ಅವುಗಳ ನಡುವೆ ಮುತ್ತುಗ ಮಾತ್ರ ಮೈತುಂಬ ಹೂ ಬಿಟ್ಟಿತ್ತು, ಸೂರಕ್ಕಿಗಳು ಅದರ ಮೇಲೆ ಜಗಳವಾಡುತ್ತಿದ್ದವು.

ಸ್ವಲ್ಪ ಮೇಲೆ ಒಂದು ಹುತ್ತ ಬುಡಸಮೇತ ಬಗೆದುಹೋಗಿತ್ತು. ಪಕ್ಕದಲ್ಲೇ ಲದ್ದಿ. ಕಡ್ಡಿಯಿಂದ ಕೆದಕಿ ನೋಡಿದರೆ ತುಂಬ ಎಲಚಿ ಹಣ್ಣಿನ ಬೀಜ, ನಡುನಡುವೆ ಗೆದ್ದಲಿನ ಚೂರುಗಳು. ಕರಡಿಯದ್ದೇ ಇರಬೇಕು. ಆದರೆ ಹಿಂದಿನ ರಾತ್ರಿಯದೋ ಎರಡು ದಿನದ್ದೋ ಹೇಳುವಷ್ಟು ಅನುಭವ ನನಗಿಲ್ಲ. ಅಲ್ಲಿಂದ ಮುಂದೆ ತುಸು ಜೋರಾಗಿ ಕೆಮ್ಮುತ್ತಲೇ ನಡೆದೆ.

ಎರಡು ಬಂಡೆಗಳ ಸಂದಿನಲ್ಲಿ ದೊಣೆ ಕಂಡಿತು. ನಾಲ್ಕು ಚಾಪೆ ಹಾಸಿದಷ್ಟು ಅಗಲ, ಅಷ್ಟೆ. ನೀರು ಇಳಿದ ಗುರುತು ಬಂಡೆಯ ಮೇಲೆ ಬಿಳಿಯ ಗೆರೆಗಳಾಗಿ ಉಳಿದಿತ್ತು. ದಡದ ತೆಳು ಕೆಸರಿನಲ್ಲಿ ಮುಂಗುಸಿಯದೆಂದು ತೋರುವ ಪುಟ್ಟ ಹೆಜ್ಜೆಗಳು, ಕೌಜುಗದ ಕಾಲ್ಗುರುತು. ನೆರಳಲ್ಲಿ ಕೂತು ಕಾದೆ. ಮೊದಲು ಕೆಂಪು ಡ್ರ್ಯಾಗನ್‌ಫ್ಲೈ ಬಂದು ಒಂದೇ ಕಡ್ಡಿಯ ಮೇಲೆ ಮತ್ತೆ ಮತ್ತೆ ಕೂತಿತು. ಕಪ್ಪೆಯೊಂದು ನೀರಿನ ಮೇಲೆಯೇ ಜಿಗಿಯುತ್ತ ಆಚೆ ದಡಕ್ಕೆ ಓಡಿತು. ಆಮೇಲೆ ಪಿಕಳಾರಗಳ ಜೋಡಿ ಇಳಿಯಿತು: ಬೂದು ಮೈ, ಹಳದಿ ತಲೆ, ಹಳದಿ ಕೊರಳು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಮೂರು ಗುಟುಕು ನೀರು ಕುಡಿದು ಹೊರಟೇಹೋದವು.

ಗುಡಿಯ ಮೆಟ್ಟಿಲಿಗೆ ಎದುರಾಗಿ ಅಶೋಕನ ಶಾಸನದ ಇಳಿಜಾರು ಬಂಡೆಯಿದೆ. ಜಾತ್ರೆಯಲ್ಲಿ ಬಳೆ ಮಾರುವವರು ಕೂರುತ್ತಿದ್ದ ಜಾಗವಾದ್ದರಿಂದ ಊರವರ ಬಾಯಲ್ಲಿ ಅದು ಬಳೆಗಾರ ಗುಂಡು. ಅಕ್ಷರಗಳು ಬಹಳ ಸವೆದಿವೆ. ಬ್ರಾಹ್ಮಿಯ ಒಂದೆರಡು ಗೀರುಗಳನ್ನು ಗುರುತಿಸಿದೆನೇನೋ, ಖಾತ್ರಿಯಿಲ್ಲ. ಇದೇ ಪಾಠ ಎದುರಿನ ಬ್ರಹ್ಮಗಿರಿಯಲ್ಲಿ ಚೆನ್ನಾಗಿ ಉಳಿದಿದೆ. ತಂದೆತಾಯಿ, ಗುರುಗಳ ಸೇವೆ, ಸತ್ಯದ ಜೊತೆಗೆ ಜೀವಿಗಳ ಮೇಲಿನ ದಯೆಯನ್ನೂ ಅದು ಹೇಳುತ್ತದೆ. ಪಕ್ಕದ ಕಲ್ಲಿನ ಮೇಲೆ ಓತಿಕ್ಯಾತವೊಂದು ಬೆನ್ನಿಗೆ ಕೆಂಪು ಬಳಿದುಕೊಂಡು ತಲೆ ಕುಣಿಸುತ್ತಿತ್ತು. ಅದಕ್ಕೆ ಹೆಣ್ಣಿನ ಚಿಂತೆ.

ಮೇಲೆ ಗುಡಿ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂಬುದು ಸ್ಥಳಪುರಾಣ. ಹಾಗಾಗಿ ಸಹಜವಾಗಿಯೇ ಆಕಾಶ ನೋಡಿದೆ. ಬಹಳ ಎತ್ತರದಲ್ಲಿ ಬಿಳಿ ಮೈ, ಕಪ್ಪು ರೆಕ್ಕೆಯ ಅಂಚಿನ ಒಂದು ಹಕ್ಕಿ ಸುತ್ತುತ್ತಿತ್ತು. ಬಿಳಿ ರಣಹದ್ದಾದರೆ ಬಾಲ ಬೆಣೆಯ ಹಾಗೆ ಚೂಪಾಗಿರಬೇಕು. ಚಳಿಗಾಲಕ್ಕೆ ವಲಸೆ ಬರುವ ಬೂಟೆಡ್ ಈಗಲ್ ಆದರೆ ಬಾಲದ ತುದಿ ನೇರ. ಬಿಸಿಲಿಗೆ ಕಣ್ಣು ಕೋರೈಸಿ ಬಾಲ ಕಾಣಲಿಲ್ಲ. ರಣಹದ್ದೇ ಎಂದು ಬರೆಯಲು ಮನಸ್ಸಿದೆ, ಧೈರ್ಯವಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿ ರಣಹದ್ದುಗಳನ್ನು ಕೊಲ್ಲುತ್ತಿದೆಯೆಂದು ತಿಳಿದು, 2006ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ ದೇಶದ ರಣಹದ್ದುಗಳು ಬಹುಪಾಲು ಮುಗಿದಿದ್ದವು.

ಇಳಿಯುವಾಗ ಮತ್ತೆ ದೊಣೆಯ ಬಳಿ ನಿಂತೆ. ಅಂಚಿನಲ್ಲಿ ಎರಡು ಶಾಂಪೂ ಚೀಟಿ, ಒಂದು ಪ್ಲಾಸ್ಟಿಕ್ ಲೋಟ. ಮಳೆ ಬರುವವರೆಗೂ ಆ ಹಕ್ಕಿಗಳಿಗೆ ಹತ್ತಿರದಲ್ಲಿರುವುದು ಈ ನೀರೇ. ಹೋಗುವವರು ಬೆಳಿಗ್ಗೆಯೇ ಹೋಗಿ, ಸಂಜೆಗೆ ಮೊದಲು ಇಳಿಯಿರಿ. ಕರಡಿಗಳ ದಾರಿ ಅದು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ, ದೊಣೆಯಲ್ಲಿ ಕೈಕಾಲು ತೊಳೆಯಬೇಡಿ.