ಗಾಮಾಕಿರಣಗಳ ಮಹಾಸ್ಫೋಟ

ಕಾರ್ಗಾಲದ ಇರುಳಿನಲ್ಲಿ ಮಿಂಚು ಹೊಳೆದು ಮಾಯವಾಗುವುದನ್ನು ನಾವೆಲ್ಲರೂ ಬಲ್ಲೆವು. ಮೋಡವೇ ಇಲ್ಲದ ಆಕಾಶದಲ್ಲಿಯೂ ದಿನಕ್ಕೆ ಸುಮಾರು ಒಂದರಂತೆ ಬೇರೊಂದು ಬಗೆಯ ಮಿಂಚು ಹೊಳೆಯುತ್ತಿರುವುದೆಂದರೆ ವಾಚಕರಿಗೆ ನಂಬಿಕೆ ಹುಟ್ಟುವುದು ಕಷ್ಟ. ಇದು ಕಣ್ಣಿಗೆ ಕಾಣತಕ್ಕ ಬೆಳಕಲ್ಲ. ವೈದ್ಯರು ಎಲುಬಿನ ಚಿತ್ರವನ್ನು ತೆಗೆಯುವ ಕ್ಷ-ಕಿರಣಗಳಿಗಿಂತಲೂ ಶಕ್ತಿಯುತವಾದ ಗಾಮಾಕಿರಣಗಳ ಹೊಳಪು. ನಮ್ಮ ವಾಯುಮಂಡಲವು ಈ ಕಿರಣಗಳನ್ನು ನೆಲಕ್ಕೆ ಬೀಳಗೊಡುವುದಿಲ್ಲ. ಆದುದರಿಂದ ಇದರ ಸುಳಿವು ಬಹುಕಾಲ ಯಾರಿಗೂ ಹತ್ತಲಿಲ್ಲ.

ಸುಳಿವು ಹತ್ತಿದ ಬಗೆಯೂ ವಿಚಿತ್ರವೇ. ವಾಯುಮಂಡಲದಲ್ಲಾಗಲಿ ಅಂತರಿಕ್ಷದಲ್ಲಾಗಲಿ ಪರಮಾಣು ಬಾಂಬನ್ನು ಸಿಡಿಸಕೂಡದೆಂದು 1963ರಲ್ಲಿ ಅಮೆರಿಕಾ, ಸೋವಿಯತ್ ಒಕ್ಕೂಟ, ಬ್ರಿಟನ್ನುಗಳು ಒಪ್ಪಂದ ಮಾಡಿಕೊಂಡುವು. ಒಪ್ಪಂದವಾದ ಮಾತ್ರಕ್ಕೆ ಅನುಮಾನ ಹೋದೀತೆ? ಅಮೆರಿಕಾದವರು ವೇಲಾ ಎಂಬ ಉಪಗ್ರಹಗಳನ್ನು ಕಾವಲಿಗೆ ಹಾರಿಸಿದರು. 1967ನೆಯ ಜುಲೈ 2ರಂದು ಅವುಗಳಿಗೆ ಗಾಮಾಕಿರಣಗಳ ಒಂದು ಹೊಳಪು ತಗಲಿತು; ಆದರೆ ಅದರಲ್ಲಿ ಬಾಂಬಿನ ಲಕ್ಷಣವಿರಲಿಲ್ಲ. ಲಾಸ್ ಅಲಮೋಸಿನ ರೇ ಕ್ಲೆಬೆಸಾಡೆಲ್ ಮತ್ತು ಅವರ ಸಂಗಡಿಗರು ಇಂತಹ 16 ಸ್ಫೋಟಗಳ ವೃತ್ತಾಂತವನ್ನು 1973ರಲ್ಲಿ ಪ್ರಕಟಿಸಿ, ಇವು ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲವೆಂದು ಸಾರಿದರು. ವೈರಿಯ ಮೇಲಣ ಶಂಕೆಯಿಂದ ವಿಶ್ವದ ಒಂದು ಗುಟ್ಟು ಬಯಲಿಗೆ ಬಂದಿತು.

ಎಷ್ಟು ದೂರದಿಂದ ಬರುತ್ತಿವೆ ಎಂಬುದು ನಿಶ್ಚಯವಾದುದು 1997ರಲ್ಲಿ. ಇಟಲಿಯ ಬೆಪ್ಪೋಸ್ಯಾಕ್ಸ್ ಉಪಗ್ರಹವು, ಸ್ಫೋಟವು ಅಡಗಿದ ಬಳಿಕವೂ ಉಳಿಯುವ ಮಂದವಾದ ಕ್ಷ-ಕಿರಣ ಪ್ರಭೆಯನ್ನು ಗುರುತಿಸಿ, ದೂರದರ್ಶಕಗಳಿಗೆ ದಾರಿ ತೋರಿಸಿತು. ನೂರಾರು ಕೋಟಿ ಜ್ಯೋತಿರ್ವರ್ಷಗಳ ದೂರವೆಂದು ತಿಳಿಯಬಂದಿತು. 2008ನೆಯ ಮಾರ್ಚಿ 19ರ ಒಂದು ಸ್ಫೋಟದ ಬೆಳಕಂತೂ ಕೆಲವು ಕ್ಷಣ ಬರಿಯ ಕಣ್ಣಿಗೇ ಕಾಣುವಷ್ಟಿತ್ತು. ಅದು ಹೊರಟು ಸುಮಾರು 750 ಕೋಟಿ ವರ್ಷಗಳಾಗಿದ್ದುವು; ಆಗ ನಮ್ಮ ಸೂರ್ಯನೇ ಹುಟ್ಟಿರಲಿಲ್ಲ!

ಇದರ ಮೂಲವು ಈಗ ಬಹುಮಟ್ಟಿಗೆ ತಿಳಿದಿದೆ. ಭಾರವಾದ ನಕ್ಷತ್ರವೊಂದು ತನ್ನೊಳಗೇ ಕುಸಿದಾಗ ದೀರ್ಘವಾದ ಸ್ಫೋಟಗಳೂ, ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತಿ ಕೂಡಿಹೋದಾಗ ಎರಡು ಸೆಕೆಂಡಿಗಿಂತ ಕಡಿಮೆಯವೂ ಸಾಮಾನ್ಯವಾಗಿ ಆಗುವುವು. ಅಂತಹ ಕೂಡುವಿಕೆಯ ಗುರುತ್ವದ ಅಲೆಯೂ ಗಾಮಾಕಿರಣಗಳೂ 2017ನೆಯ ಆಗಸ್ಟ್ 17ರಂದು ಎರಡು ಸೆಕೆಂಡಿನೊಳಗೆ ಒಂದರ ಹಿಂದೊಂದು ಭೂಮಿಗೆ ತಲಪಿದುವು. ಶಕ್ತಿಯೆಲ್ಲವೂ ನಾಲ್ದೆಸೆಗೆ ಚೆಲ್ಲದೆ, ಪಿಚಕಾರಿಯ ನೀರಿನಂತೆ ಎರಡು ಕಿರಿದಾದ ಧಾರೆಗಳಾಗಿ ಚಿಮ್ಮುವುದು. ಧಾರೆಯು ನಮ್ಮ ಕಡೆಗೆ ತಿರುಗಿದ್ದರೆ ನಮಗೆ ಹೊಳಪು ಕಾಣುವುದು. ಇಲ್ಲವಾದರೆ ಸಾಮಾನ್ಯವಾಗಿ ಇಲ್ಲ.

ಹಾಗಾದರೆ ಆ ಧಾರೆಯಲ್ಲಿ ಗಾಮಾಕಿರಣಗಳು ಹುಟ್ಟುವುದು ಹೇಗೆ? ನಿಜವಾದ ತೊಡಕು ಇಲ್ಲಿಂದ ಮುಂದೆ.

ಈ ಹೊಳಪು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಏರಿ ಇಳಿಯಬಲ್ಲುದು. ವಿಶಾಲವಾದ ಬಯಲಿನಲ್ಲಿ ಹರಡಿ ನಿಂತ ಜನರೆಲ್ಲರೂ ಒಂದೇ ಕ್ಷಣದಲ್ಲಿ ಚಪ್ಪಾಳೆ ತಟ್ಟಿದರೂ, ದೂರದವರ ಸದ್ದು ತಡವಾಗಿ ಬರುವುದರಿಂದ ನಮಗೆ ಎಳೆದ ಸದ್ದು ಕೇಳುವುದು. ಒಂದೇ ಪೆಟ್ಟಿನಂತೆ ಕೇಳಿಸಬೇಕಾದರೆ ಗುಂಪು ಚಿಕ್ಕದಾಗಿರಬೇಕು. ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ 300 ಕಿಲೋಮೀಟರು ಹೋಗುವುದು. ಎಂದಮೇಲೆ ಹೊಳಪಿನ ತಾಣವೂ ಸುಮಾರು ಅಷ್ಟೇ ಇರಬೇಕಾಯಿತು. ಅಷ್ಟು ಇಕ್ಕಟ್ಟಿನಲ್ಲಿ ಇಷ್ಟು ಗಾಮಾಕಿರಣಗಳು ತುಂಬಿದರೆ ಅವು ಒಂದಕ್ಕೊಂದು ಡಿಕ್ಕಿ ಹೊಡೆದು ಅಳಿದು, ಎಲೆಕ್ಟ್ರಾನು-ಪಾಸಿಟ್ರಾನುಗಳ ಜೋಡಿಗಳಾಗಿ ಮಾರ್ಪಡುವುವು. ಅಲ್ಲಿಂದ ಒಂದು ಗಾಮಾಕಿರಣವೂ ಹೊರಬೀಳಲಾರದು. ಆದರೆ ಬೀಳುತ್ತಲಿದೆ!

ಬಿಡುಗಡೆಯ ದಾರಿ ಒಂದೇ: ಆ ಧಾರೆಯು ನಮ್ಮತ್ತ ಬೆಳಕಿನ ವೇಗದ ನೂರಕ್ಕೆ 99.99 ಪಾಲಿಗೂ ಮಿಕ್ಕ ವೇಗದಲ್ಲಿ ಧಾವಿಸುತ್ತಿರಬೇಕು. ಎದುರಿಗೆ ಬರುವ ರೈಲಿನ ಸಿಳ್ಳು ಹೆಚ್ಚು ಕೀರಲಾಗಿ ಕೇಳುವಂತೆ, ಅಂತಹ ಧಾರೆಯ ಬೆಳಕು ನಮಗೆ ಬಹಳ ಶಕ್ತಿಯುಳ್ಳದ್ದಾಗಿ ಕಾಣುವುದು. ಧಾರೆಯೊಳಗೆ ಅದು ಸೌಮ್ಯವಾಗಿಯೇ ಇರುವುದು. ಅಲ್ಲದೆ ಧಾರೆಯು ತನ್ನ ಬೆಳಕನ್ನೇ ಬೆನ್ನಟ್ಟಿ ಓಡುವುದರಿಂದ ಕಾಲವು ಅಡಕವಾಗಿ ತೋರುವುದು. ನಿಜವಾದ ತಾಣವು ಬಹಳ ದೊಡ್ಡದು. ಇಕ್ಕಟ್ಟೂ ಡಿಕ್ಕಿಯೂ ಹೀಗೆ ತಪ್ಪಿದುವು.

ಇನ್ನು ಧಾರೆಯ ಓಟವು ಬೆಳಕಾಗುವ ಬಗೆ. 1994ರಲ್ಲಿ ಮಾರ್ಟಿನ್ ರೀಸ್, ಪೀಟರ್ ಮೆಸ್ಸಾರೋಷ್ ಎಂಬುವರು ಒಂದು ವಿವರಣೆಯನ್ನು ಮುಂದಿಟ್ಟರು. ಧಾರೆಯು ಸಮನಾಗಿ ಹರಿಯದೆ ಅಲೆಯಲೆಯಾಗಿ ಹೊರಡುವುದು. ಜಾತ್ರೆಯ ಹಾದಿಯಲ್ಲಿ ಮುಂಚೆ ಹೊರಟ ನಿಧಾನದ ಗಾಡಿಗೆ ಹಿಂದಿನ ಚುರುಕು ಗಾಡಿ ಬಂದು ತಗಲುವಂತೆ, ವೇಗದ ಅಲೆಯು ಮಂದವಾದುದಕ್ಕೆ ಅಪ್ಪಳಿಸುವುದು. ಆ ಆಘಾತದಲ್ಲಿ ಎಲೆಕ್ಟ್ರಾನುಗಳು ವೇಗಗೊಂಡು ಕಾಂತಕ್ಷೇತ್ರವನ್ನು ಸುತ್ತಿ ಸುರುಳಿಯಾಗಿ ಓಡುತ್ತ ಕಿರಣಗಳನ್ನು ಬೀರುವುವು. ಇಂತಹ ಬೆಳಕು ನಮಗೆ ಹೊಸದೇನೂ ಅಲ್ಲ. 1947ರಲ್ಲಿ ಅಮೆರಿಕಾದ ಸ್ಕೆನೆಕ್ಟಡಿ ಎಂಬ ಊರಿನ ಜನರಲ್ ಎಲೆಕ್ಟ್ರಿಕ್ ಪ್ರಯೋಗಶಾಲೆಯಲ್ಲಿ, ಎಲೆಕ್ಟ್ರಾನುಗಳನ್ನು ಸುತ್ತಿಸುವ ಸಿಂಕ್ರೊಟ್ರಾನ್ ಯಂತ್ರದಲ್ಲಿ ಅದು ಕಣ್ಣಿಗೆ ಬಿದ್ದು, ಆ ಯಂತ್ರದ ಹೆಸರನ್ನೇ ಪಡೆಯಿತು. ಸ್ಫೋಟದ ನಂತರ ಉಳಿಯುವ ಪ್ರಭೆಯು ಇದೇ ಬಗೆಯದೆಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ.

ಮೊದಲ ಹೊಳಪಿನ ವಿಷಯದಲ್ಲಿ ಮಾತ್ರ ಈ ವಿವರಣೆ ಪೂರ್ತಿಯಾಗಿ ಒಗ್ಗುವುದಿಲ್ಲ. ಒಂದೇ ದಿಕ್ಕಿಗೆ ಹೋಗುವ ಗಾಡಿಗಳು ತಗಲಿದರೆ ಪೆಟ್ಟು ಅಲ್ಪ. ಅಷ್ಟರಿಂದ ಇಷ್ಟು ಬೆಳಕು ಹೇಗೆ? ಇನ್ನೂ ಬಿಗಿಯಾದ ಆಕ್ಷೇಪಣೆ ಬೇರೆ. ಸಿಂಕ್ರೊಟ್ರಾನ್ ಬೆಳಕು ಕಡಿಮೆ ಶಕ್ತಿಯ ಕಡೆಗೆ ಇಳಿಯುವ ಇಳಿಜಾರಿಗೆ ಒಂದು ಮಿತಿಯುಂಟು. ಕೆಲವು ಸ್ಫೋಟಗಳು ಅದನ್ನು ಮೀರಿ ಕಡಿದಾಗಿ ಇಳಿದಿರುವುದು 1998ರ ವೇಳೆಗೆ ಸ್ಪಷ್ಟವಾಯಿತು. ಆ ಮಿತಿಗೆ ವಿಜ್ಞಾನಿಗಳು ‘ಮರಣರೇಖೆ’ ಎಂದು ಹೆಸರಿಟ್ಟರು. ಸತ್ತದ್ದು ಸಿದ್ಧಾಂತವೆಂದು ಭಾವ!

ಎರಡನೆಯ ಪಕ್ಷದವರ ಪ್ರಕಾರ, ಹೊಳಪು ಧಾರೆಯೊಳಗೇ ಸಿಕ್ಕಿಬಿದ್ದ ಶಾಖದ ಬೆಳಕು. ಸೂರ್ಯನ ಒಡಲ ಬೆಳಕು ತೊಳಲಿ ತೊಳಲಿ ಮೇಲ್ಮೈಗೆ ಬಂದು ಹಾರಿಹೋಗುವಂತೆ, ಧಾರೆಯು ಹರಡಿ ತಿಳಿಯಾದೊಡನೆ ಇದೂ ಹೊರಬೀಳುವುದು. 2009ನೆಯ ಸೆಪ್ಟೆಂಬರ್ 2ರ ಸ್ಫೋಟದಲ್ಲಿ ಫರ್ಮಿ ಉಪಗ್ರಹವು ಇಂತಹ ಶಾಖದ ಗುರುತನ್ನು ಚೆನ್ನಾಗಿ ಕಂಡಿತು. ಆದರೆ ಎಲ್ಲ ಸ್ಫೋಟಗಳಲ್ಲಿಯೂ ಅದು ಕಾಣುವುದಿಲ್ಲ. ಮೂರನೆಯವರು, ಧಾರೆಯ ಶಕ್ತಿ ಮುಖ್ಯವಾಗಿ ಕಾಂತಶಕ್ತಿಯೆಂದೂ, ಕಾಂತರೇಖೆಗಳು ಕಡಿದು ಮರಳಿ ಕೂಡುವಾಗ ಅದು ಸಿಡಿಯುವುದೆಂದೂ ವಾದಿಸುತ್ತಾರೆ.

ಈ ವ್ಯಾಜ್ಯದಲ್ಲಿ ಸಾಕ್ಷಿಯಾಗಬಲ್ಲುದು ಕಿರಣಗಳ ಧ್ರುವೀಕರಣ, ಎಂದರೆ ಅವುಗಳ ಕಂಪನವು ಒಂದೇ ಜಾಡಿನಲ್ಲಿರುವುದೇ ಎಂಬುದು. ಕ್ರಮಬದ್ಧವಾದ ಕಾಂತಕ್ಷೇತ್ರದಲ್ಲಿ ಹುಟ್ಟಿದ ಸಿಂಕ್ರೊಟ್ರಾನ್ ಬೆಳಕು ಚೆನ್ನಾಗಿ ಧ್ರುವೀಕೃತವಾಗಿರಬೇಕು. ಇದನ್ನು ಅಳೆದವರಲ್ಲಿ ನಮ್ಮವರೂ ಇದ್ದಾರೆ. 2015ನೆಯ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿ ಬೆಂಗಳೂರಿನ ಕೇಂದ್ರದಿಂದ ನಡೆಸಲ್ಪಟ್ಟ ಆಸ್ಟ್ರೋಸ್ಯಾಟ್ ಉಪಗ್ರಹವು, 2016ನೆಯ ಆಗಸ್ಟ್ 21ರ ಸ್ಫೋಟದಲ್ಲಿ ಧ್ರುವೀಕರಣದ ದಿಕ್ಕು ನಡುನಡುವೆ ಬದಲಾಯಿಸಿದುದನ್ನು ತೋರಿಸಿತು. 2022ರಲ್ಲಿ ಪ್ರಕಟವಾದ ಅದರ 20 ಪ್ರಖರ ಸ್ಫೋಟಗಳ ಪಟ್ಟಿಯಲ್ಲಿ ಸುಮಾರು ಕಾಲುಪಾಲಿನಲ್ಲಿ ಮಾತ್ರ ಹೆಚ್ಚಿನ ಧ್ರುವೀಕರಣ ಕಂಡಿತು. ಉಳಿದವುಗಳಲ್ಲಿ ಇಲ್ಲ, ಅಥವಾ ಅಲ್ಪ. ಒಂದೇ ಸ್ಫೋಟದೊಳಗೇ ಜಾಡು ತಿರುಗಬಲ್ಲುದಾದರೆ, ಮೊದಲಿನಿಂದ ಕಡೆಯ ತನಕ ಒಟ್ಟು ಅಳೆದಾಗ ಒಂದನ್ನೊಂದು ಅಳಿಸಿ ಏನೂ ಇಲ್ಲದಂತೆ ತೋರಲೂಬಹುದು. ಆದುದರಿಂದ ಈಗ ಸ್ಫೋಟವನ್ನು ಕ್ಷಣಕ್ಷಣವಾಗಿ ಬಿಡಿಸಿ ಅಳೆಯುವ ಯತ್ನ ಸಾಗಿದೆ.