ಹಾವಿನ ಡಬ್ಬಿಯೊಳಗಿನ ಸೋಂಕು

ನಮ್ಮ ಕಾಡು-ಗದ್ದೆಗಳ ಹಾವುಗಳನ್ನು ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿರುವುದರಿಂದ, ಕಾರವಾರ, ಅಂಕೋಲಾ ಸೀಮೆಯಲ್ಲಿ ಅವುಗಳ ಖಾಸಗಿ ಸಂಗ್ರಹಕ್ಕೆ ಆಸ್ಪದವಿಲ್ಲ. ಬಾಲ್ ಪೈಥಾನ್, ಬೋವಾದಂಥ ವಿದೇಶಿ ಹಾವುಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಹಾಗಿದ್ದರೂ ಹಲವು ಹಾವುಗಳು ಒಂದೇ ಸೂರಿನಡಿ ಸೇರುವ ಸಂದರ್ಭ ಇಲ್ಲಿಯೂ ಒದಗುತ್ತದೆ. ಮಳೆಗಾಲದಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿ ಬಿಲಗಳಿಗೆ ನೀರು ನುಗ್ಗಿದಾಗ ನಾಗರಹಾವು, ಕೇರೆ, ಹೆಬ್ಬಾವುಗಳು ಕೊಟ್ಟಿಗೆ, ಬಚ್ಚಲುಮನೆಗಳನ್ನು ಹೊಗುತ್ತವೆ. ಅವನ್ನು ಹಿಡಿದವರು ಚೀಲಕ್ಕೋ ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಗೋ ತುಂಬಿ ಕಾಡಿಗೆ ಬಿಡುತ್ತಾರೆ. ಹೊರದೇಶಗಳ ಹಾವು ಸಾಕಣೆದಾರರು ನಷ್ಟಪಟ್ಟು ಕಲಿತ ಪಾಠ ಈ ಡಬ್ಬಿಗೂ ಅನ್ವಯಿಸುತ್ತದೆ: ಒಂದು ಹಾವಿನ ಸೋಂಕು ಜೊತೆಯ ಹಾವುಗಳಿಗೂ ದಾಟುತ್ತದೆ.

ಉಣುಗು ಎಂದರೆ ಉತ್ತರ ಕನ್ನಡದವರಿಗೆ ಅದು ಹರಡುವ ಮಂಗನ ಕಾಯಿಲೆ ನೆನಪಾಗುತ್ತದೆ. ಹಾವಿನ ನುಸಿ ಅದೇ ಬಳಗದ, ಒಂದು ಮಿಲಿಮೀಟರಿನ ಆಸುಪಾಸಿನ ಜೀವಿ. ಕಣ್ಣಿನ ಅಂಚಿನಲ್ಲಿ, ಗದ್ದದ ಹುರುಪೆಗಳ ಸಂದಿಯಲ್ಲಿ ಕುಳಿತು ರಕ್ತ ಹೀರುತ್ತದೆ. ನೀರಿನ ಬಟ್ಟಲಿನ ತಳದಲ್ಲಿ ಕಾಳುಮೆಣಸಿನ ಪುಡಿ ಉದುರಿದಂತೆ ಕರಿಚುಕ್ಕೆಗಳು ಕಂಡರೆ ಅವು ಮುಳುಗಿ ಸತ್ತ ನುಸಿಗಳೇ ಇರಬಹುದು, ಮತ್ತು ಹಾವು ದಿನವಿಡೀ ನೀರಿನಲ್ಲಿಯೇ ಬಿದ್ದುಕೊಂಡಿದ್ದರೆ ಅದು ತುರಿಕೆ ತಾಳಲಾರದೆ ಇರಬಹುದು. ಬೆಚ್ಚನೆಯ ಹವೆಯಲ್ಲಿ ಒಂದೆರಡು ವಾರಗಳಲ್ಲಿಯೇ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬೆಳೆಯುವ ಈ ನುಸಿ ಡಬ್ಬಿಯಿಂದ ಡಬ್ಬಿಗೆ ತೆವಳಿಕೊಂಡು ಹೋಗಬಲ್ಲುದು.

ನುಸಿ ಕಣ್ಣಿಗಾದರೂ ಬೀಳುತ್ತದೆ, ವೈರಸ್ ಬೀಳುವುದಿಲ್ಲ. ಸ್ವಿಟ್ಜರ್ಲೆಂಡಿನ ಒಂದು ಹಾವು ಸಾಕಣೆ ಕೇಂದ್ರದಲ್ಲಿ 1970ರ ದಶಕದಲ್ಲಿ ಗುಳಿಮಂಡಲ ಹಾವುಗಳು ಸಾಲುಸಾಲಾಗಿ ಸತ್ತಾಗ ಶ್ವಾಸಕೋಶವನ್ನು ಕೆಡಿಸುವ ಫೆರ್ಲಾವೈರಸ್ ಬೆಳಕಿಗೆ ಬಂತು. ಬೋವಾ, ಹೆಬ್ಬಾವುಗಳ ನರವ್ಯೂಹವನ್ನು ಹಾಳುಮಾಡುವ, ಮದ್ದಿಲ್ಲದ ರೋಗವೊಂದರ ಹಿಂದೆ ಅರೆನಾವೈರಸ್ ಇರುವುದನ್ನು ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. 2014ರಲ್ಲಿ ಬಾಲ್ ಪೈಥಾನ್‌ಗಳ ನ್ಯುಮೋನಿಯಾಕ್ಕೆ ನಿಡೋವೈರಸ್ ಸಂಬಂಧವಿರುವುದು ವರದಿಯಾಯಿತು. ತಲೆಯನ್ನು ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು, ಗಂಟಲಲ್ಲಿ ನೊರೆ, ನುಂಗಿದ್ದನ್ನು ಕಕ್ಕುವುದು ಇವೆಲ್ಲ ಬೇರೆ ಕಾರಣಗಳಿಂದಲೂ ಕಾಣಿಸಿಕೊಳ್ಳುವುದರಿಂದ, ಪ್ರಯೋಗಾಲಯದ ಪರೀಕ್ಷೆಯ ಹೊರತು ಇಂಥದ್ದೇ ರೋಗವೆಂದು ಹೇಳಲಾಗದು.

ಹೀಗೆ ಅನುಮಾನ ಬಂದ ಹಾವನ್ನು ಬೇರೆ ಕೋಣೆಯಲ್ಲಿರಿಸಿ, ಅದರ ಕೊಕ್ಕೆ, ಚೀಲ, ಬಟ್ಟಲುಗಳನ್ನು ಬೇರೆಯಾಗಿಯೇ ಇಟ್ಟು, ಆರೋಗ್ಯವಂತ ಹಾವುಗಳ ಕೆಲಸ ಮುಗಿದ ಮೇಲೆಯೇ ಅದನ್ನು ಮುಟ್ಟುವುದು ಸಾಕಣೆದಾರರ ಪದ್ಧತಿ. ಡಬ್ಬಿಯನ್ನು ಮೊದಲು ಸಾಬೂನಿನಿಂದ ಉಜ್ಜಿ, ಆಮೇಲೆ ಬ್ಲೀಚ್ ದ್ರಾವಣದಲ್ಲಿ ನೆನೆಸಿ, ತೊಳೆದು ಒಣಗಿಸಬೇಕು. ಕೊಳೆಯ ಮೇಲೆಯೇ ಸುರಿದ ಬ್ಲೀಚ್ ಕೆಲಸ ಮಾಡದು. ಹಾವುಗಳ ಮೈಮೇಲಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮನುಷ್ಯರಿಗೆ ಅಂಟುವುದರಿಂದ ಕೈ ತೊಳೆಯುವುದೂ ಸೇರಿತು. ಹಿಡಿದ ಹಾವುಗಳ ಮಟ್ಟಿಗೆ ಇಷ್ಟೆಲ್ಲಕ್ಕಿಂತ ಸುಲಭವಾದದ್ದು, ಒಂದು ಚೀಲಕ್ಕೆ ಒಂದೇ ಹಾವನ್ನು ಹಾಕಿ, ಅರಣ್ಯ ಇಲಾಖೆಗೆ ತಿಳಿಸಿ, ಅಂದೇ ಹತ್ತಿರದ ನೆಲೆಗೆ ಬಿಡುವುದು. ಕಾಯಿಲೆ ಬಿದ್ದ ಹಾವಿಗೆ ಚಿಕಿತ್ಸೆ ಹತ್ತಿರದಲ್ಲಿಲ್ಲ: ಕಾರವಾರದಿಂದ ಮಂಗಳೂರು ಬಳಿಯ ಪಿಲಿಕುಳದ ಜೈವಿಕ ಉದ್ಯಾನ ಇನ್ನೂರೈವತ್ತು ಕಿಲೋಮೀಟರಿಗೂ ದೂರ, ತಾಲೂಕಿನ ಪಶು ಆಸ್ಪತ್ರೆಯೋ ಮುಖ್ಯವಾಗಿ ದನಕರುಗಳದು.

ರೋಗದ ಗುಮಾನಿಯಿರುವ ಹಾವನ್ನು ಕಾಡಿಗೆ ಬಿಡುವುದಂತೂ ಪುಣ್ಯದ ಕೆಲಸವಲ್ಲ. ಫ್ಲಾರಿಡಾದ ಕಾಡು ಸೇರಿದ ಬರ್ಮಾದ ಹೆಬ್ಬಾವುಗಳೊಡನೆ ಏಷ್ಯಾ ಮೂಲದ ಶ್ವಾಸಕೋಶದ ಪರಾವಲಂಬಿಯೊಂದು ಹೋಗಿ, ಅಲ್ಲಿಯ ಸ್ಥಳೀಯ ಹಾವುಗಳಿಗೆ ಹರಡಿರುವುದು ದಾಖಲಾಗಿದೆ. ಇಲ್ಲಿಯ ಕಾಡಿನಲ್ಲಿ ಬೇರೆ ಹಾವುಗಳನ್ನೇ ತಿಂದು ಬದುಕುವ ಕಾಳಿಂಗ ಸರ್ಪವಿದೆ, ಹಾಗಾಗಿ ಅದು ನುಂಗುವ ಕೇರೆಯ ಸೋಂಕು ಅದರ ಹೊಟ್ಟೆಗೂ ಸೇರುತ್ತದೆ.

ಸತ್ತ ನಾಗರಹಾವಿಗೆ ಸಂಸ್ಕಾರ ಮಾಡಿ ಸುಡುವ ರೂಢಿ ಕರಾವಳಿಯಲ್ಲಿದೆ. ಬೆಂಕಿ ರೋಗಾಣುವನ್ನು ಕೊಲ್ಲುತ್ತದಾದರೂ ಸಾವಿನ ಕಾರಣ ಹೇಳಬಲ್ಲ ಒಂದೇ ಒಂದು ಸಾಕ್ಷಿಯೂ ಅದರೊಂದಿಗೆ ಬೂದಿಯಾಗುತ್ತದೆ. ಅದಕ್ಕೆ ಮುನ್ನ ಅರಣ್ಯ ಇಲಾಖೆಗೆ ತಿಳಿಸಿ, ಕಳೇಬರವನ್ನು ಮಂಜುಗಡ್ಡೆಯ ನಡುವೆ, ಹೆಪ್ಪುಗಟ್ಟದಂತೆ ತಣ್ಣಗಿರಿಸಿದರೆ ಪಶುವೈದ್ಯರು ಶ್ವಾಸಕೋಶ, ಯಕೃತ್ತಿನ ಚೂರುಗಳನ್ನು ಪರೀಕ್ಷೆಗೆ ತೆಗೆದುಕೊಳ್ಳಬಲ್ಲರು. ಸಂಸ್ಕಾರವನ್ನು ಆಮೇಲೂ ಮಾಡಬಹುದು.