ತೊರೆಯ ತಳ ಮತ್ತು ಕುಣಿಯುವ ಕಪ್ಪೆ

ತೊರೆಯ ಆರೋಗ್ಯವನ್ನು ನೀರಿನ ತಿಳಿಯಿಂದಷ್ಟೇ ಅಳೆಯಲಾಗದು; ತಳದ ರಚನೆಯೂ ಜೀವಿಗಳ ಅಳಿವು–ಉಳಿವುಗಳನ್ನು ನಿರ್ಧರಿಸುತ್ತದೆ. ವಯನಾಡು ಸೇರಿದಂತೆ ಪಶ್ಚಿಮಘಟ್ಟದ ತೊರೆಗಳಲ್ಲಿರುವ ಮೈಕ್ರಿಕ್ಸಾಲಸ್ ಕುಲದ ‘ಕುಣಿಯುವ ಕಪ್ಪೆ’ಗಳು ಇದಕ್ಕೆ ನಿದರ್ಶನ. ನೀರಿನ ಮೊರೆತದಲ್ಲಿ ಕೂಗು ಅಡಗುವುದರಿಂದ ಗಂಡು ಹಿಂಗಾಲನ್ನು ಚಾಚಿ ಬೀಸಿ ಸಂಕೇತ ನೀಡುತ್ತದೆ. ಅಧ್ಯಯನಕ್ಕೊಳಗಾದ ಪ್ರಭೇದಗಳಲ್ಲಿ ಹೆಣ್ಣು ತೊರೆಯ ತಳವನ್ನು ಅಗೆದು ಮೊಟ್ಟೆಯಿಡುತ್ತದೆ. ಗೊದಮೊಟ್ಟೆಗಳು ಮರಳು–ಜಲ್ಲಿಗಳ ನಡುವೆ ಹುದುಗಿಯೇ ಬೆಳೆಯುತ್ತವೆ. ಈ ಗುಪ್ತಜೀವನದ ವಿವರಗಳು ಪ್ರಕಟವಾದದ್ದು 2016ರಲ್ಲಿ.

ಇಳಿಜಾರು ಬೋಳಾದಾಗ ಮಳೆನೀರು ಹೊತ್ತುತರುವ ನುಣ್ಣನೆಯ ಹೂಳು ಜಲ್ಲಿಯ ಸಂದುಗಳನ್ನು ತುಂಬಿ, ಆಮ್ಲಜನಕಯುತ ನೀರಿನ ಸಂಚಾರವನ್ನು ತಡೆಯುತ್ತದೆ. ಮರಳನ್ನು ತೆಗೆದರೆ ನೆಲೆಯೇ ಇಲ್ಲವಾಗುತ್ತದೆ. ದಡದ ಮರಗಳನ್ನು ಕಡಿದರೆ ನೀರು ಬಿಸಿಯಾಗಿ, ಕರಗಿದ ಆಮ್ಲಜನಕವು ಕುಗ್ಗುತ್ತದೆ. ಮೇಲೆ ನೀರು ತಿಳಿಯಾಗಿ ಹರಿಯುತ್ತಿದ್ದರೂ ಕೆಳಗೆ ಒಂದು ಪೀಳಿಗೆ ಉಸಿರುಗಟ್ಟಿರಬಹುದು. ಆದುದರಿಂದ ತೊರೆಯ ಸಂರಕ್ಷಣೆಯು ತಳ, ದಡ, ನೆರಳುಗಳನ್ನೂ ಒಳಗೊಳ್ಳಬೇಕು.